ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ‘ಹಿಟ್’: ರೀಕಾಂಬಿನೆಂಟ್ ಮಾನವ ಪಿಎಐ-1 ಕುರಿತ ಪ್ರಕರಣ ಅಧ್ಯಯನ

ಒಂದು ಪ್ರಯೋಗಾಲಯ ಪಿಎಐ-1 (ಪ್ಲಾಸ್ಮಿನೋಜನ್ ಆಕ್ಟಿವೇಟರ್ ಇನ್‌ಹಿಬಿಟರ್-1) ಪ್ರೋಟೀನಿನ ಕೆಲಸ ನಿಲ್ಲಿಸಬಲ್ಲ ಸಣ್ಣ ಅಣುಗಳನ್ನು ಹುಡುಕುತ್ತಿದೆ. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಾದ ರೀಕಾಂಬಿನೆಂಟ್ ಮಾನವ ಪಿಎಐ-1, ಅದು ತಡೆಯುವ ಕಿಣ್ವವಾದ ಯೂರೊಕೈನೇಸ್, ಕಿಣ್ವ ಕತ್ತರಿಸಿದಾಗ ಹಳದಿ ಬಣ್ಣ ಬಿಡುವ ಎಸ್-2444 ಸಬ್‌ಸ್ಟ್ರೇಟ್ ಮತ್ತು 240 ಸಂಯುಕ್ತಗಳು ಅದರ ಬಳಿ ಇವೆ. ಪ್ಲೇಟಿಗೆ 80ರಂತೆ ಮೂರು 96-ವೆಲ್ ಪ್ಲೇಟು. ಪಿಎಐ-1 ಇದ್ದಾಗ ಯೂರೊಕೈನೇಸ್ ಸುಮ್ಮನಿರಬೇಕು. ಯಾವ ಸಂಯುಕ್ತ ಪಿಎಐ-1 ಅನ್ನು ಕೆಡಿಸುತ್ತದೋ ಆ ವೆಲ್‌ನಲ್ಲಿ ಯೂರೊಕೈನೇಸ್ ಮತ್ತೆ ಕೆಲಸಕ್ಕಿಳಿದು ಹಳದಿ ಬರಬೇಕು. ಅರ್ಧಕ್ಕಿಂತ ಹೆಚ್ಚು ಚಟುವಟಿಕೆ ಮರಳಿದರೆ ಅದು ಹಿಟ್.

ಬೆಳಿಗ್ಗೆ 10 ಗಂಟೆಯ ಪ್ಲೇಟಿನಲ್ಲಿ 2 ಹಿಟ್ ಬಂದವು. 11 ಗಂಟೆಯದರಲ್ಲಿ 11. ಮಧ್ಯಾಹ್ನ 12ರ ಪ್ಲೇಟಿನಲ್ಲಿ 80ಕ್ಕೆ 74.

ಇದು ಹಲವು ಕಡೆ ಬೇರೆ ಬೇರೆಯಾಗಿ ಎದುರಾಗುವ ತೊಂದರೆಗಳನ್ನು ಒಂದೆಡೆ ಕೂಡಿಸಿ ಕಟ್ಟಿದ ಮಾದರಿ ಪ್ರಕರಣ. ಲೆಕ್ಕ ಓದಲು ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿದೆ. ಪ್ರೋಟೀನಿನ ಗುಣಗಳಿಗೆ ಸಂಬಂಧಿಸಿದ ಅಂಕಿಗಳು ಮಾತ್ರ ಚೆನ್ನಾಗಿ ಅಳೆದು ಸ್ಥಾಪಿತವಾದವು.

ಈ ಪ್ರೋಟೀನಿನ ಸ್ವಭಾವ

ರಕ್ತದ ಹೆಪ್ಪನ್ನು ಕರಗಿಸುವುದು ಪ್ಲಾಸ್ಮಿನ್. ಪ್ಲಾಸ್ಮಿನೋಜನ್ ಅನ್ನು ಪ್ಲಾಸ್ಮಿನ್ ಮಾಡುವುದು ಟಿಪಿಎ ಮತ್ತು ಯೂರೊಕೈನೇಸ್ ಎಂಬ ಕಿಣ್ವಗಳು. ಈ ಎರಡಕ್ಕೂ ಕಡಿವಾಣ ಹಾಕುವುದು ಪಿಎಐ-1. ಹೃದಯಾಘಾತವಾದವರಿಗೆ ಕರ್ನಾಟಕದ ತಾಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಕೊಡುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಟಿಪಿಎಯನ್ನೇ ತಿದ್ದಿ ಮಾಡಿದ ಔಷಧ. ಅದರಲ್ಲಿ 296ರಿಂದ 299ರವರೆಗಿನ ನಾಲ್ಕು ಅಮೈನೊ ಆಮ್ಲಗಳನ್ನು ತೆಗೆದು ಅಲನೈನ್ ಕೂರಿಸಿರುವುದು ಪಿಎಐ-1ರ ಹಿಡಿತ ತಪ್ಪಿಸಲೆಂದೇ. ಕಿಣ್ವವನ್ನು ತಿದ್ದುವ ಬದಲು ಪಿಎಐ-1 ಅನ್ನೇ ತಡೆಯುವ ಔಷಧ ಸಿಕ್ಕೀತೇ ಎಂಬ ಹುಡುಕಾಟ ಅದರ ಪಕ್ಕದಲ್ಲೇ ದಶಕಗಳಿಂದ ನಡೆದಿದೆ. ನಮ್ಮ ಪ್ರಯೋಗಾಲಯದ 240 ಸಂಯುಕ್ತಗಳೂ ಆ ಹುಡುಕಾಟಕ್ಕೇ ಸೇರಿದವು.

ಪಿಎಐ-1 ಸರ್ಪಿನ್ ಕುಟುಂಬದ್ದು, ಅಂದರೆ ಹೆಚ್ಚಾಗಿ ಕಿಣ್ವಗಳನ್ನು ತಡೆಯುವ ಪ್ರೋಟೀನುಗಳ ಗುಂಪಿನದು. ಬಲಿತ ಪ್ರೋಟೀನಿನಲ್ಲಿ 379 ಅಮೈನೊ ಆಮ್ಲಗಳು. ಇ. ಕೋಲಿಯಲ್ಲಿ ತಯಾರಾದದ್ದಕ್ಕೆ ಸಕ್ಕರೆ ಸರಪಳಿಗಳು ಅಂಟಿರುವುದಿಲ್ಲವಾದ್ದರಿಂದ ತೂಕ ಸುಮಾರು 43 ಕಿಲೊಡಾಲ್ಟನ್. ಮೈಮೇಲೆ ಎದ್ದು ನಿಂತ ಒಂದು ಕುಣಿಕೆಯಿದೆ. ಅದರ 346ನೇ ಅರ್ಜಿನೈನ್ ಮತ್ತು 347ನೇ ಮೆಥಿಯೊನೈನ್ ನಡುವಿನ ಬಂಧವೇ ಕಿಣ್ವಕ್ಕೆ ಒಡ್ಡಿದ ಆಮಿಷ. ಕಿಣ್ವ ಅಲ್ಲಿ ಬಾಯಿ ಹಾಕಿ ಬಂಧ ಕತ್ತರಿಸುತ್ತಿದ್ದಂತೆ ಇಲಿಬೋನಿನ ಹಾಗೆ ಕುಣಿಕೆ ಪ್ರೋಟೀನಿನ ಒಳಹಾಳೆಯೊಳಕ್ಕೆ ಚಿಮ್ಮಿ ಹೋಗುತ್ತದೆ. ಸಹವೇಲೆನ್ಸಿ ಬಂಧದಿಂದ ಅದಕ್ಕೆ ಅಂಟಿಕೊಂಡಿರುವ ಕಿಣ್ವವೂ ಪ್ರೋಟೀನಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 70 ಆಂಗ್‌ಸ್ಟ್ರಾಮ್ ಎಳೆದೊಯ್ಯಲ್ಪಟ್ಟು ಅಲ್ಲಿ ಜಜ್ಜಿಹೋಗುತ್ತದೆ. ಒಂದು ಪಿಎಐ-1 ಅಣುವಿಗೆ ಒಂದು ಕಿಣ್ವ. ಇಬ್ಬರೂ ಮತ್ತೆ ಕೆಲಸಕ್ಕೆ ಬರುವುದಿಲ್ಲ.

ತೊಂದರೆ ಇರುವುದು ಮುಂದಿನ ಮಾತಿನಲ್ಲಿ. ಕಿಣ್ವ ಮುಟ್ಟದಿದ್ದರೂ, ಬಂಧ ಕತ್ತರಿಸದಿದ್ದರೂ, ಪಿಎಐ-1ರ ಕುಣಿಕೆ ತಾನಾಗಿಯೇ ಒಳಕ್ಕೆ ಸೇರಿಕೊಳ್ಳುತ್ತದೆ. ಹಾಗೆ ಸೇರಿಕೊಂಡ ರೂಪಕ್ಕೆ ಲೇಟೆಂಟ್ ರೂಪ ಎನ್ನುತ್ತಾರೆ. ಪ್ರೋಟೀನ್ ಕೊಳೆತಿಲ್ಲ, ತುಂಡಾಗಿಲ್ಲ, ಗಟ್ಟಿಯಾಗಿ ಕೂಡಿಕೊಂಡಿಲ್ಲ, ಆದರೆ ಕಿಣ್ವಕ್ಕೆ ಒಡ್ಡಲು ಅದರ ಬಳಿ ಏನೂ ಉಳಿದಿಲ್ಲ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಚ್ 7.4ರಲ್ಲಿ, ಸುಮಾರು 2 ಗಂಟೆಗೆ ಅರ್ಧದಷ್ಟು ಪಿಎಐ-1 ಹೀಗೆ ಲೇಟೆಂಟ್ ಆಗುತ್ತದೆ. ಒಟ್ಟು ಪ್ರೋಟೀನ್ ಎಷ್ಟೆಂದು ಹೇಳುವ ಬ್ರಾಡ್‌ಫೋರ್ಡ್ ಅಳತೆಯಾಗಲಿ 280 ನ್ಯಾನೊಮೀಟರ್ ಓದಾಗಲಿ ಇದನ್ನು ತೋರಿಸುವುದಿಲ್ಲ. ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಸಾಮಾನ್ಯ ಎಸ್‌ಡಿಎಸ್ ಜೆಲ್‌ನಲ್ಲೂ ಸಕ್ರಿಯ, ಲೇಟೆಂಟ್ ಎರಡಕ್ಕೂ ಒಂದೇ 43 ಕಿಲೊಡಾಲ್ಟನ್‌ನ ಪಟ್ಟಿ. ವಯಲಿನ ಚೀಟಿಯ ಮೇಲಿನ ‘ಶುದ್ಧತೆ 95 ಶೇಕಡಕ್ಕಿಂತ ಹೆಚ್ಚು’ ಎಂಬ ಮಾತು ಪೂರ್ತಿ ನಿಜವಿದ್ದೂ ಒಳಗಿನ ಪ್ರೋಟೀನಿನಲ್ಲಿ ಅರ್ಧ ಕೆಲಸಕ್ಕೆ ಬಾರದ್ದಾಗಿರಬಹುದು.

ಯಾರ ಮೇಲೆ ಅನುಮಾನ

ಇಂಥ ಫಲಿತಾಂಶ ಕಂಡಾಗ ಮೊದಲು ಬೈಸಿಕೊಳ್ಳುವುದು ಪ್ಲೇಟ್ ರೀಡರ್, ಆಮೇಲೆ ಸಂಯುಕ್ತಗಳು. ಈ ಪ್ರಕರಣದಲ್ಲಿ ಮೂರೂ ಪ್ಲೇಟಿನಲ್ಲಿ ಯೂರೊಕೈನೇಸ್ ಮಾತ್ರ ಇದ್ದ ನಾಲ್ಕು ವೆಲ್‌ಗಳಿದ್ದವು. ಅವುಗಳಲ್ಲಿ ಬಣ್ಣ ಏರುವ ವೇಗ ಮೂರು ಹೊತ್ತೂ ಒಂದೇ. ಅಲ್ಲಿಗೆ ಕಿಣ್ವ, ಸಬ್‌ಸ್ಟ್ರೇಟ್, ರೀಡರ್ ಮೂರೂ ದೋಷಮುಕ್ತ. ಆದರೆ ‘ಯೂರೊಕೈನೇಸ್ ಜೊತೆ ಪಿಎಐ-1, ಸಂಯುಕ್ತದ ಬದಲು ಬರೀ ಡಿಎಂಎಸ್‌ಒ’ (ಸಂಯುಕ್ತಗಳನ್ನು ಕರಗಿಸಿಡುವ ದ್ರಾವಕ) ಎಂಬ ಕಂಟ್ರೋಲ್ ಇದ್ದದ್ದು 10 ಗಂಟೆಯ ಪ್ಲೇಟಿನಲ್ಲಿ ಮಾತ್ರ. ಜಾಗ ಉಳಿಸಲು ಉಳಿದೆರಡರಲ್ಲಿ ಅದನ್ನು ಬಿಟ್ಟು, ಮೊದಲ ಪ್ಲೇಟಿನ ಅಂಕಿಯನ್ನೇ ಮೂರಕ್ಕೂ ಹಚ್ಚಲಾಗಿತ್ತು. ಇಡೀ ಪ್ರಕರಣದ ಅತಿ ದುಬಾರಿ ಉಳಿತಾಯ ಇದು. ಆ ಎಂಟು ವೆಲ್ ಇದ್ದಿದ್ದರೆ 11 ಗಂಟೆಗೇ ಕೆಲಸ ನಿಲ್ಲುತ್ತಿತ್ತು.

ಪಿಎಐ-1ರ ಕೆಲಸದ ದ್ರಾವಣ ತಯಾರಾದ ಬಗೆ ಹೀಗಿದೆ. ಹಿಂದಿನ ದಿನ ಸ್ಟಾಕ್ ಅನ್ನು ಮೈನಸ್ 80ರಿಂದ ತೆಗೆದು, ‘ಉಪ್ಪು ಜಾಸ್ತಿಯಿದೆ’ ಎಂದು ರಾತ್ರಿಯಿಡೀ 4 ಡಿಗ್ರಿಯಲ್ಲಿ ಪಿಬಿಎಸ್ ಎಂಬ ಉಪ್ಪು ಕಡಿಮೆಯ ಬಫರಿಗೆ ಡಯಾಲಿಸಿಸ್ ಮಾಡಲಾಯಿತು, ಅಂದರೆ ತೆಳು ಪೊರೆಯ ಮೂಲಕ ಬಫರ್ ಬದಲಿಸಲಾಯಿತು. ಆ ವಯಲು ಅದಕ್ಕೂ ಮೊದಲೇ ಕೆಲವು ಸಲ ಕರಗಿ ಮತ್ತೆ ಹೆಪ್ಪುಗಟ್ಟಿತ್ತು. ಬೆಳಿಗ್ಗೆ ಪಿಎಚ್ 7.4ರ ಅಸ್ಸೇ (ಪರೀಕ್ಷೆ) ಬಫರಿನಲ್ಲಿ 100 ನ್ಯಾನೊಮೋಲಾರ್‌ಗೆ ತೆಳು ಮಾಡಿ, ಇಡೀ ದಿನಕ್ಕಾಗುವಷ್ಟನ್ನು ಒಂದೇ ಕೊಳವೆಯಲ್ಲಿ, ‘ದೇಹದ ಉಷ್ಣತೆಯಲ್ಲಿರಲಿ’ ಎಂದು 37 ಡಿಗ್ರಿ ನೀರಿನ ತೊಟ್ಟಿಯಲ್ಲಿ ಇಡಲಾಯಿತು. ಪ್ಲೇಟಿಗೆ ಹಾಕಿದಾಗ ಅಂತಿಮ ಪ್ರಮಾಣ 10 ನ್ಯಾನೊಮೋಲಾರ್, ಎದುರಿಗೆ ಯೂರೊಕೈನೇಸ್ 5 ನ್ಯಾನೊಮೋಲಾರ್. ಕಾಗದದ ಮೇಲೆ ಎರಡು ಪಟ್ಟು ಪ್ರತಿಬಂಧಕವಿದೆ. ಹಾಗಿದ್ದಿದ್ದರೆ 10 ಗಂಟೆಯ ಪ್ಲೇಟಿನ ಕಂಟ್ರೋಲ್‌ನಲ್ಲಿ ಉಳಿದ ಚಟುವಟಿಕೆ ಸೊನ್ನೆಯ ಹತ್ತಿರ ಇರಬೇಕಿತ್ತು. ಇದ್ದದ್ದು 10 ಶೇಕಡ. ಸುಳಿವು ಅಲ್ಲೇ ಇತ್ತು.

ಸಕ್ರಿಯ ಭಾಗ ಎಷ್ಟು ಎಂದು ಅಳೆಯುವುದು

ಇದಕ್ಕೆ ಬೇಕಾದದ್ದು ಟೈಟ್ರೇಷನ್: ಪ್ರಮಾಣ ಗೊತ್ತಿರುವ ಯೂರೊಕೈನೇಸ್ ಅನ್ನು ಪೂರ್ತಿ ತಡೆಯಲು ಎಷ್ಟು ಪಿಎಐ-1 ಬೇಕೆಂದು ನೋಡುವುದು. ಯೂರೊಕೈನೇಸ್ ಎಷ್ಟಿದೆ ಎಂಬುದನ್ನೂ ಚೀಟಿ ನೋಡಿ ನಂಬಬಾರದು. ಪ್ಯಾರಾನೈಟ್ರೊಫಿನೈಲ್ ಗ್ವಾನಿಡಿನೊಬೆನ್ಜೊಯೇಟ್‌ನಂಥ ಸಕ್ರಿಯ ತಾಣದ ಟೈಟ್ರೆಂಟ್ ಬಳಸಿ ಅದರ ನಿಜವಾದ ಪ್ರಮಾಣ ಮೊದಲು ತಿಳಿದಿರಬೇಕು. ಅಳತೆಗೋಲೇ ಸರಿಯಿಲ್ಲದಿದ್ದರೆ ಮುಂದಿನ ಲೆಕ್ಕವೆಲ್ಲ ವ್ಯರ್ಥ.

ಬಫರ್: 50 ಮಿಲಿಮೋಲಾರ್ ಟ್ರಿಸ್, 150 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್, ಪಿಎಚ್ 7.4, ಮಿಲಿಲೀಟರಿಗೆ 0.1 ಮಿಲಿಗ್ರಾಂ ಬಿಎಸ್‌ಎ, 0.01 ಶೇಕಡ ಟ್ವೀನ್-80. ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನ್) ಬಿಡಬಾರದು. ಇಷ್ಟು ಕಡಿಮೆ ಪ್ರಮಾಣದಲ್ಲಿ ಪಿಎಐ-1 ಪ್ಲಾಸ್ಟಿಕ್ಕಿಗೆ ಅಂಟಿ ಮಾಯವಾಗುತ್ತದೆ. ಪ್ರೋಟೀನ್ ಅಂಟದ ಕೊಳವೆ ಮತ್ತು ಪ್ಲೇಟು ಬಳಸುವುದು ಇನ್ನೂ ಒಳ್ಳೆಯದು. ಪ್ರತಿ ವೆಲ್‌ನಲ್ಲಿ ಯೂರೊಕೈನೇಸ್ 5 ನ್ಯಾನೊಮೋಲಾರ್. ಪಿಎಐ-1 ಚೀಟಿಯ ಲೆಕ್ಕದಲ್ಲಿ 0, 2, 4, 6, 8, 10, 12, 16 ನ್ಯಾನೊಮೋಲಾರ್, ಪ್ರತಿಯೊಂದಕ್ಕೂ ಮೂರು ವೆಲ್. 25 ಡಿಗ್ರಿಯಲ್ಲಿ 20 ನಿಮಿಷ ಬಿಟ್ಟು, ನಂತರ ಎಸ್-2444 ಅನ್ನು ಅಂತಿಮ 0.3 ಮಿಲಿಮೋಲಾರ್ ಆಗುವಂತೆ ಸೇರಿಸಿ, 405 ನ್ಯಾನೊಮೀಟರಿನಲ್ಲಿ 30 ಸೆಕೆಂಡಿಗೊಮ್ಮೆ 10 ನಿಮಿಷ ಓದಬೇಕು.

20 ನಿಮಿಷ ಏಕೆ ಎಂಬುದಕ್ಕೂ ಲೆಕ್ಕವಿದೆ. ಯೂರೊಕೈನೇಸ್ ಮತ್ತು ಪಿಎಐ-1 ಸೇರುವ ವೇಗದ ಸ್ಥಿರಾಂಕ ಮೋಲಾರ್‌ಗೆ ಸೆಕೆಂಡಿಗೆ ಸುಮಾರು 1 ಕೋಟಿ. ಎರಡೂ 5 ನ್ಯಾನೊಮೋಲಾರ್ ಇದ್ದರೆ ಅರ್ಧ ಮುಗಿಯಲು 20 ಸೆಕೆಂಡು ಸಾಕು, ಆದರೆ ಎರಡೂ ಖರ್ಚಾಗುತ್ತ ಹೋಗುವುದರಿಂದ ಕೊನೆಯ ಭಾಗ ನಿಧಾನ. 98 ಶೇಕಡ ಮುಗಿಯಲು 16 ನಿಮಿಷ ಬೇಕು. ಎರಡನ್ನೂ 1 ನ್ಯಾನೊಮೋಲಾರ್‌ಗೆ ಇಳಿಸಿದರೆ 20 ನಿಮಿಷದಲ್ಲಿ 92 ಶೇಕಡವಷ್ಟೇ ಮುಗಿದಿರುತ್ತದೆ, ಆಗ ಒಳ್ಳೆಯ ಪ್ರೋಟೀನೂ ಕೆಟ್ಟದ್ದರಂತೆ ಕಾಣುತ್ತದೆ. ಸಬ್‌ಸ್ಟ್ರೇಟ್ ಅನ್ನು ಮೊದಲೇ ಸೇರಿಸುವವರೂ ಇದ್ದಾರೆ. ಅದು ಕಿಣ್ವದ ಬಾಯಿಯಲ್ಲಿ ಪಿಎಐ-1 ಜೊತೆ ಪೈಪೋಟಿಗಿಳಿಯುತ್ತದೆ. ರೇಖೆ ನೇರವಾಗಿ ಹೋಗದೆ ಬಾಗಿದ್ದರೆ ಅದೇ ಕಾರಣವಿರಬಹುದು.

ನಮ್ಮ ಪ್ರಕರಣದಲ್ಲಿ ಉಳಿದ ಚಟುವಟಿಕೆ ಕ್ರಮವಾಗಿ 100, 82, 64, 46, 28, 10 ಶೇಕಡ. ಈ ನೇರ ರೇಖೆಯನ್ನು ಕೆಳಕ್ಕೆ ಚಾಚಿದರೆ ಅಡ್ಡ ಅಕ್ಷವನ್ನು 11.1 ನ್ಯಾನೊಮೋಲಾರ್‌ನಲ್ಲಿ ಮುಟ್ಟುತ್ತದೆ. 5 ನ್ಯಾನೊಮೋಲಾರ್ ಯೂರೊಕೈನೇಸ್ ಮಣಿಸಲು 11.1 ಬೇಕಾಯಿತು ಎಂದರೆ ಕೆಲಸ ಮಾಡುವ ಭಾಗ 45 ಶೇಕಡ. ‘10 ನ್ಯಾನೊಮೋಲಾರ್’ ಎಂದು ಬರೆದ ವೆಲ್‌ನಲ್ಲಿ ನಿಜವಾಗಿ ಇದ್ದದ್ದು 4.5, ಯೂರೊಕೈನೇಸ್‌ಗಿಂತ ಕಡಿಮೆ.

ಇನ್ನು ಗಡಿಯಾರ ನೋಡಿ. 37 ಡಿಗ್ರಿಯಲ್ಲಿ 2 ಗಂಟೆ ಅರ್ಧಾಯುವಾದರೆ 11 ಗಂಟೆಗೆ 4.5 ಇಳಿದು 3.2 ಆಗುತ್ತದೆ, 12ಕ್ಕೆ 2.25. ಯಾವ ಸಂಯುಕ್ತವನ್ನೂ ಹಾಕದೆಯೇ ಯೂರೊಕೈನೇಸ್ ಚಟುವಟಿಕೆ ಮೊದಲ ಪ್ಲೇಟಿನಲ್ಲಿ 10, ಎರಡನೆಯದರಲ್ಲಿ 36, ಮೂರನೆಯದರಲ್ಲಿ 55 ಶೇಕಡ. ಹಿಟ್‌ಗೆ ಗೆರೆ ಎಳೆದದ್ದು 50ಕ್ಕೆ. 11 ಗಂಟೆಯ ಪ್ಲೇಟಿನಲ್ಲಿ ಅಲ್ಪಸ್ವಲ್ಪ ಪ್ರಭಾವವಿದ್ದ ಸಂಯುಕ್ತಗಳೆಲ್ಲ ಗೆರೆ ದಾಟಿದವು. 12ರದರಲ್ಲಿ ಬರೀ ಡಿಎಂಎಸ್‌ಒ ಹಾಕಿದ್ದರೂ ದಾಟುತ್ತಿತ್ತು.

ಲೇಟೆಂಟೋ, ಸಬ್‌ಸ್ಟ್ರೇಟೋ

ಟೈಟ್ರೇಷನ್ 55 ಶೇಕಡ ಕೆಲಸ ಮಾಡುತ್ತಿಲ್ಲ ಎಂದಷ್ಟೇ ಹೇಳುತ್ತದೆ. ಏಕೆ ಎಂದು ಹೇಳುವುದಿಲ್ಲ. ಪಿಎಐ-1ಗೆ ಕೆಡಲು ಇನ್ನೊಂದು ದಾರಿಯೂ ಇದೆ: ಕಿಣ್ವ ಕುಣಿಕೆಯನ್ನು ಕತ್ತರಿಸುತ್ತದೆ, ಆದರೆ ಕುಣಿಕೆ ಸಾಕಷ್ಟು ಬೇಗ ಒಳಹೋಗದೆ ಕಿಣ್ವ ಬಿಡಿಸಿಕೊಂಡು ಹೊರಟುಬಿಡುತ್ತದೆ. ಆಗ ಪಿಎಐ-1 ಪ್ರತಿಬಂಧಕವಾಗದೆ ಬರೀ ಸಬ್‌ಸ್ಟ್ರೇಟ್ ಆಗಿರುತ್ತದೆ. ಈ ವ್ಯತ್ಯಾಸ ತಿಳಿಯದೆ ಔಷಧ ಹುಡುಕಾಟ ಮುಂದುವರಿಸುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಸಂಯುಕ್ತಗಳು ಪಿಎಐ-1 ಅನ್ನು ಕೆಡಿಸುವುದೂ ಇದೇ ದಾರಿಗಳಲ್ಲಿ.

ಒಂದೇ ಜೆಲ್ ಇದನ್ನು ತೀರ್ಮಾನಿಸುತ್ತದೆ. 2 ಮೈಕ್ರೊಗ್ರಾಂ ಪಿಎಐ-1, ಅಂದರೆ ಸುಮಾರು 46 ಪಿಕೊಮೋಲ್. ಅದಕ್ಕೆ 33 ಕಿಲೊಡಾಲ್ಟನ್‌ನ ಚಿಕ್ಕ ರೂಪದ ಯೂರೊಕೈನೇಸ್ ಎರಡು ಪಟ್ಟು, ಸುಮಾರು 3 ಮೈಕ್ರೊಗ್ರಾಂ. 25 ಡಿಗ್ರಿಯಲ್ಲಿ 10 ನಿಮಿಷ, ಕೂಡಲೇ ಬಿಸಿಯಾದ ಎಸ್‌ಡಿಎಸ್ ಸ್ಯಾಂಪಲ್ ಬಫರಿಗೆ ಹಾಕಿ 95 ಡಿಗ್ರಿಯಲ್ಲಿ 5 ನಿಮಿಷ. 12 ಶೇಕಡ ಜೆಲ್, ಡಿಟಿಟಿ (ಸಿಸ್ಟೀನ್‌ಗಳ ನಡುವಿನ ಬಂಧ ಬಿಡಿಸುವ ರಾಸಾಯನಿಕ) ಇಲ್ಲದೆ, ಬಣ್ಣದ ಮುಂಚೂಣಿ ಹೊರಬಿದ್ದ ಮೇಲೂ ಸ್ವಲ್ಪ ಹೊತ್ತು ಓಡಿಸಬೇಕು. 43 ಮತ್ತು 39 ಬೇರೆಯಾಗಿ ಕಾಣುವುದು ಮುಖ್ಯ.

76ರ ಆಸುಪಾಸಿನ ಪಟ್ಟಿ ಕಿಣ್ವ ಮತ್ತು ಪಿಎಐ-1 ಸೇರಿದ ಜೋಡಿ. ಕುದಿಸಿದರೂ ಬಿಡದ ಬಂಧ ಅದು, ಸಕ್ರಿಯ ಭಾಗದ ಗುರುತು. 43ರಲ್ಲಿ ಉಳಿದದ್ದು ಕಿಣ್ವ ಮುಟ್ಟಲಾಗದ ಲೇಟೆಂಟ್. 39ರಲ್ಲಿ ಕಾಣುವುದು ಕುಣಿಕೆ ಕತ್ತರಿಸಿ ಕೊನೆಯ 33 ಅಮೈನೊ ಆಮ್ಲಗಳನ್ನು ಕಳೆದುಕೊಂಡದ್ದು, ಅಂದರೆ ಸಬ್‌ಸ್ಟ್ರೇಟ್ ಆಗಿ ನಡೆದುಕೊಂಡ ಭಾಗ. ಡಯಾಲಿಸಿಸ್ ಆದ ಸ್ಟಾಕ್‌ನಲ್ಲಿ 76 ಮತ್ತು 43 ಹೆಚ್ಚುಕಡಿಮೆ ಸಮಸಮ, 39 ತೆಳುವಾದ ಗೆರೆ. ಕಾರಣ ಲೇಟೆಂಟ್ ಎಂದು ಅಲ್ಲಿಗೆ ಸ್ಪಷ್ಟ. ಗಂಟೆಗಟ್ಟಲೆ ಬಿಟ್ಟರೆ ಹೆಚ್ಚಿನ ಕಿಣ್ವ ಜೋಡಿಯನ್ನೇ ಕಡಿದು ಹೊಸ ಪಟ್ಟಿಗಳನ್ನು ಹುಟ್ಟಿಸುತ್ತದೆ, ಅದಕ್ಕೇ 10 ನಿಮಿಷದ ಮಿತಿ.

ಪಿಎಐ-1 ಇದೆಯೇ ಎಂದು ನೋಡಲು ಬಳಸುವ ಫೈಬ್ರಿನ್ ರಿವರ್ಸ್ ಜೈಮೋಗ್ರಫಿ (ಎಸ್‌ಡಿಎಸ್ ಜೆಲ್‌ನಲ್ಲಿ ಪ್ರತಿಬಂಧಕವಿರುವ ಕಡೆ ಫೈಬ್ರಿನ್ ಕರಗದೆ ಪಟ್ಟಿಯಾಗಿ ಕಾಣುವ ವಿಧಾನ) ಇಲ್ಲಿ ದಾರಿ ತಪ್ಪಿಸುತ್ತದೆ. ಎಸ್‌ಡಿಎಸ್ ಸೋಕಿದರೆ ಲೇಟೆಂಟ್ ಪಿಎಐ-1 ಮತ್ತೆ ಸಕ್ರಿಯವಾಗುತ್ತದೆ. ಡಿನೇಚರ್ ಮಾಡುವ ವಸ್ತುಗಳಿಂದ ಈ ಪ್ರತಿಬಂಧಕ ಜೀವ ಪಡೆಯುತ್ತದೆ ಎಂಬುದನ್ನು ಹೆಕ್ಮನ್ ಮತ್ತು ಲಾಸ್ಕುಟಾಫ್ 1985ರಲ್ಲೇ ತೋರಿಸಿದ್ದರು. ಜೈಮೋಗ್ರಾಮ್‌ನಲ್ಲಿ ಚಂದದ ಪಟ್ಟಿ ಬಂದಿತೆಂದು ವಯಲನ್ನು ನಂಬುವುದು ಸರಿಯಲ್ಲ.

ಸರಿಪಡಿಸಿದ ಬಗೆ

ಹೊಸ ವಯಲನ್ನು ಒಮ್ಮೆ ಮಾತ್ರ ಕರಗಿಸಿ, ಮಂಜುಗಡ್ಡೆಯ ಮೇಲೆ, ತಲಾ 10 ಮೈಕ್ರೊಲೀಟರಿನ ಪಾಲು ಮಾಡಿ, ದ್ರವ ಸಾರಜನಕದಲ್ಲಿ ಮುಳುಗಿಸಿ ಮೈನಸ್ 80ಕ್ಕೆ. ಬಫರ್ 50 ಮಿಲಿಮೋಲಾರ್ ಸೋಡಿಯಂ ಅಸಿಟೇಟ್, ಪಿಎಚ್ 5.6, 1 ಮೋಲಾರ್ ಸೋಡಿಯಂ ಕ್ಲೋರೈಡ್, 0.01 ಶೇಕಡ ಟ್ವೀನ್-80. ಪ್ರಯೋಗಾಲಯಕ್ಕೆ ಬೇಡವೆನಿಸಿದ ಆ ಉಪ್ಪು ಮತ್ತು ಹುಳಿಯೇ ಕುಣಿಕೆಯನ್ನು ಹೊರಗೆ ಹಿಡಿದಿಟ್ಟಿದ್ದವು. ಉಪ್ಪಿಗೆ ಎರಡನೆಯ ಕೆಲಸವೂ ಇದೆ: ಅದು ಕಡಿಮೆಯಾದರೆ ಗಾಢ ಪಿಎಐ-1 ತಳಕ್ಕೆ ಕೂರುತ್ತದೆ. ಅಸ್ಸೇಗೆ ಉಪ್ಪಿನ ಭಯ ಬೇಕಿಲ್ಲ. 20 ಮೈಕ್ರೊಮೋಲಾರ್ ಸ್ಟಾಕ್ 10 ನ್ಯಾನೊಮೋಲಾರ್ ಆಗುವಷ್ಟರಲ್ಲಿ 2000 ಪಟ್ಟು ತೆಳುವಾಗಿರುತ್ತದೆ, ಜೊತೆಗೆ ಬರುವ ಉಪ್ಪು ಅರ್ಧ ಮಿಲಿಮೋಲಾರ್.

ಡಿಟಿಟಿ ಹಾಕುವ ಅಭ್ಯಾಸ ಇಲ್ಲಿ ಬೇಡ, ಬಲಿತ ಮಾನವ ಪಿಎಐ-1ರಲ್ಲಿ ಒಂದೂ ಸಿಸ್ಟೀನ್ ಇಲ್ಲ. ಎಚ್ಚರ ಬೇಕಾದದ್ದು ಮೆಥಿಯೊನೈನ್ ಬಗ್ಗೆ. ಆಕ್ಸಿಡೀಕರಣವಾದರೆ ಚಟುವಟಿಕೆ ಹೋಗುತ್ತದೆ.

ಪ್ರತಿ ಪ್ಲೇಟಿಗೆ ಹೊಸ ಪಾಲು. ಮೊದಲ ಹಂತದ ತೆಳುಮಾಡುವಿಕೆ ಸ್ಟಾಕ್ ಬಫರಿನಲ್ಲೇ, ಮಂಜುಗಡ್ಡೆಯ ಮೇಲೆ. ಪಿಎಚ್ 7.4ಕ್ಕೆ ಏರಿಸುವುದು ಪ್ಲೇಟಿಗೆ ಹಾಕುವ 5 ನಿಮಿಷ ಮೊದಲು. ಇಡೀ ಅಸ್ಸೇ 25 ಡಿಗ್ರಿಯಲ್ಲಿ. ಪ್ರತಿ ಪ್ಲೇಟಿನಲ್ಲೂ ಎಂಟು ವೆಲ್ ಬರೀ ಯೂರೊಕೈನೇಸ್, ಎಂಟು ವೆಲ್ ಪಿಎಐ-1 ಮತ್ತು ಡಿಎಂಎಸ್‌ಒ. ಹೊಸ ಪಾಲಿನ ಟೈಟ್ರೇಷನ್ ರೇಖೆ ಅಕ್ಷ ಮುಟ್ಟಿದ್ದು 5.9ರಲ್ಲಿ, ಸಕ್ರಿಯ ಭಾಗ 85 ಶೇಕಡ.

ಹಳೆಯ ಸ್ಟಾಕ್ ಎಸೆಯಬೇಕಿಲ್ಲ. 4 ಮೋಲಾರ್ ಗ್ವಾನಿಡೀನ್ ಹೈಡ್ರೊಕ್ಲೋರೈಡಿನಲ್ಲಿ ಒಂದೆರಡು ಗಂಟೆಯಿಟ್ಟು, 4 ಡಿಗ್ರಿಯಲ್ಲಿ ಮೇಲೆ ಹೇಳಿದ ಅಸಿಟೇಟ್ ಬಫರಿಗೆ ಡಯಾಲಿಸಿಸ್ ಮಾಡಿದರೆ ಒಂದಷ್ಟು ಭಾಗ ಮತ್ತೆ ಸಕ್ರಿಯವಾಗುತ್ತದೆ. ಪೂರ್ತಿಯಾಗುವುದಿಲ್ಲ, ಸರಿಯಾಗಿ ಮಡಚಿಕೊಳ್ಳದ ಪಾಲೂ ಜೊತೆಗುಳಿಯುತ್ತದೆ. ಸ್ಕ್ರೀನಿಂಗ್‌ಗೆ ಇದನ್ನು ಬಳಸದಿರುವುದೇ ಲೇಸು, ತರಬೇತಿಗೆ ಸಾಕು.

ದಿನವಿಡೀ ಓಡುವ ದೊಡ್ಡ ಸ್ಕ್ರೀನಿಂಗ್‌ಗೆ ಪಿಎಐ-1ರ 14-1ಬಿ ಎಂಬ ಸ್ಥಿರ ರೂಪ ಒಳ್ಳೆಯ ಆಯ್ಕೆ. 1995ರಲ್ಲಿ ಪ್ರಕಟವಾದ ಇದರಲ್ಲಿ 150, 154, 319, 354ನೇ ಸ್ಥಾನಗಳ ನಾಲ್ಕು ಅಮೈನೊ ಆಮ್ಲಗಳು ಬದಲಾಗಿವೆ, 37 ಡಿಗ್ರಿಯಲ್ಲಿ ಅರ್ಧಾಯು 145 ಗಂಟೆ. ಆದರೆ ಕುಣಿಕೆಯ ಚಲನೆಯನ್ನೇ ನಿಧಾನಿಸಿದ ಪ್ರೋಟೀನಿನ ಮೇಲೆ ಸಿಕ್ಕಿದ ಹಿಟ್ ಸಹಜ ರೂಪದ ಮೇಲೂ ಹಾಗೇ ನಡೆದುಕೊಳ್ಳುತ್ತದೆ ಎಂದು ಭಾವಿಸುವಂತಿಲ್ಲ. ಮೊದಲ ಸೋಸುವಿಕೆ 14-1ಬಿ ಮೇಲಿರಲಿ, ಖಚಿತಪಡಿಸುವುದು ಸಹಜ ರೂಪದ ಮೇಲೆ.

ಉಳಿದ ಹಿಟ್‌ಗಳು

ಮತ್ತೆ ಓಡಿಸಿದಾಗ 240ರಲ್ಲಿ ಗೆರೆ ದಾಟಿದ್ದು ನಾಲ್ಕು. ಒಂದು ಸಂಯುಕ್ತವೇ ಹಳದಿ. ಇಳಿಜಾರನ್ನು ಅಳೆಯುವಾಗ ಮೂಲ ಬಣ್ಣ ಕಳೆದುಹೋಗುತ್ತದೆ, ಹಾಗಾಗಿ ಬಣ್ಣವೊಂದೇ ಕಾರಣಕ್ಕೆ ಅದನ್ನು ತಳ್ಳಿಹಾಕಬಾರದು. ಆದರೆ ಓದು ರೀಡರಿನ ನೇರ ವ್ಯಾಪ್ತಿ ಮೀರಿದ್ದರೆ ಇಳಿಜಾರೂ ಸುಳ್ಳೇ. ಸಬ್‌ಸ್ಟ್ರೇಟ್ ಇಲ್ಲದ ವೆಲ್‌ನಲ್ಲಿ ಅದನ್ನು ಒಮ್ಮೆ ಓದಿ ನೋಡಿದರೆ ಗೊತ್ತಾಗುತ್ತದೆ.

ಎರಡನೆಯದು 25 ಮೈಕ್ರೊಮೋಲಾರ್‌ನಲ್ಲಿ ಉಂಡೆಗಟ್ಟುವ ಜಾತಿ. ಇಂಥವು ಪ್ರೋಟೀನನ್ನು ಮೈಗಂಟಿಸಿಕೊಂಡು ಹಿಟ್‌ನಂತೆ ತೋರುತ್ತವೆ. ಬೇರೆ ಕಿಣ್ವಗಳ ಅಸ್ಸೇಯಲ್ಲಿ ಇದನ್ನು ಬಯಲಿಗೆಳೆಯಲು 0.01 ಶೇಕಡ ಟ್ರೈಟಾನ್ ಎಕ್ಸ್-100 ಹಾಕುವುದು ವಾಡಿಕೆ. ಪಿಎಐ-1 ಜೊತೆ ಹಾಗೆ ಮಾಡಬೇಡಿ, ಟ್ರೈಟಾನ್ ತಾನೇ ಪಿಎಐ-1 ಅನ್ನು ಸಬ್‌ಸ್ಟ್ರೇಟ್ ಕಡೆಗೆ ವಾಲಿಸುತ್ತದೆ. ಬಿಎಸ್‌ಎ ಪ್ರಮಾಣವನ್ನು ಹತ್ತು ಪಟ್ಟು ಮಾಡಿ ಹಿಟ್ ಉಳಿಯುತ್ತದೆಯೇ ನೋಡುವುದು, ಸಂಯುಕ್ತದ ದ್ರಾವಣವನ್ನು ಜೋರಾಗಿ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿಯಿಂದ ಪರೀಕ್ಷಿಸುವುದು ಇಲ್ಲಿಗೆ ಹೊಂದುವ ದಾರಿ.

ಮೂರನೆಯ ಮತ್ತು ನಾಲ್ಕನೆಯವನ್ನು ಜೆಲ್‌ಗೆ ಹಾಕಲಾಯಿತು. ಒಂದರಲ್ಲಿ 39ರ ಪಟ್ಟಿ ದಪ್ಪಗಾಯಿತು, ಅಂದರೆ ಅದು ಪಿಎಐ-1 ಅನ್ನು ಸಬ್‌ಸ್ಟ್ರೇಟ್ ಮಾಡುತ್ತದೆ. ಇನ್ನೊಂದರಲ್ಲಿ 43 ಉಳಿದು 76 ಮಾಯ, ಅಂದರೆ ಕಿಣ್ವ ಕುಣಿಕೆಯನ್ನು ಮುಟ್ಟುತ್ತಲೇ ಇಲ್ಲ. ಎರಡೂ ನಿಜವಾದ ಹಿಟ್, ಎರಡೂ ಬೇರೆ ಬೇರೆ ಜಾತಿ.

ಮುಂದಿನ ಪರೀಕ್ಷೆ ವಿಟ್ರೊನೆಕ್ಟಿನ್ ಎಂಬ ರಕ್ತದ ಪ್ರೋಟೀನ್ ಜೊತೆ. ರಕ್ತದಲ್ಲಿ ಸಕ್ರಿಯ ಪಿಎಐ-1 ಇರುವುದು ವಿಟ್ರೊನೆಕ್ಟಿನ್‌ಗೆ ಅಂಟಿಕೊಂಡು, ಅದರಿಂದಾಗಿ ಲೇಟೆಂಟ್ ಆಗುವುದೂ ನಿಧಾನ. ಟಿಪ್ಲಾಕ್ಸ್‌ಟಿನಿನ್ ಎಂಬ ಹೆಸರಾಂತ ಸಂಯುಕ್ತ ಬಿಡಿ ಪಿಎಐ-1 ಅನ್ನು ಚೆನ್ನಾಗಿ ಕೆಡಿಸುತ್ತದೆ, ವಿಟ್ರೊನೆಕ್ಟಿನ್ ಜೊತೆಗಿರುವುದರ ಮೇಲೆ ಅದರ ಆಟ ನಡೆಯುವುದಿಲ್ಲ. ಆದ್ದರಿಂದ 10 ನ್ಯಾನೊಮೋಲಾರ್ ಪಿಎಐ-1ಗೆ 20 ನ್ಯಾನೊಮೋಲಾರ್ ವಿಟ್ರೊನೆಕ್ಟಿನ್ ಸೇರಿಸಿ 25 ಡಿಗ್ರಿಯಲ್ಲಿ 15 ನಿಮಿಷ ಬಿಟ್ಟು, ಆಮೇಲೆ ಸಂಯುಕ್ತ, ಆಮೇಲೆ ಯೂರೊಕೈನೇಸ್. ವಿಟ್ರೊನೆಕ್ಟಿನ್ ಇಲ್ಲದ ಸಾಲು ಅದೇ ಪ್ಲೇಟಿನಲ್ಲಿ, ಅದೇ ಪಾಲಿನ ಪಿಎಐ-1ರಿಂದ.